ಪರದೆಯ ಹಿಂದಿನ ಬಹುವಚನ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ನುಡಿಸಲು ಬರುವ ವಾದ್ಯ ಒಂದೇ, ಅದು ಟೆಲಿಫೋನು. ಹಾಗಂತ ಅವರು ಮ್ಯಾನೇಜರಾಗಿದ್ದ ಸಿಂಫನಿ ವಾದ್ಯವೃಂದದವರೇ ಆಡಿಕೊಳ್ಳುತ್ತಿದ್ದರು. ಆದರೆ ಅವರು ಒಂದು ದಿನ ಹಾಸಿಗೆ ಹಿಡಿದರೆ ಇಡೀ ಸಿಂಫನಿಯೇ ಹಾಸಿಗೆ ಹಿಡಿಯುತ್ತಿತ್ತು. ಕೊಳಲಿನವನಿಗೆ ಜ್ವರ ಬಂದರೆ ಬದಲಿ ಕೊಳಲಿನವನನ್ನು ಹುಡುಕಿ ತರುವವರು ಭಾವ. ಮಾತು ಬಿಟ್ಟಿರುವ ಇಬ್ಬರು ಕ್ಲಾರಿನೆಟ್‌ನವರ ಕುರ್ಚಿಗಳು ಎಷ್ಟು ದೂರವಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ ಎಂದು ನಿರ್ಧರಿಸುವವರೂ ಅವರೇ. ಬಿಡುವಿನ ಹೊತ್ತು ಮೀರಿ ತಾಲೀಮು ನಡೆದರೆ ಕಂಡಕ್ಟರ್ ಎದುರೇ ಕೈಗಡಿಯಾರ ತಟ್ಟಿ ತೋರಿಸುತ್ತಿದ್ದರು. ಇದು ಕೋಲು ಬೀಸುವ ಕಂಡಕ್ಟರ್. ಟಿಕೆಟ್ ಹರಿಯುವವನು ನಾನು, ಅದೇ ಸಭಾಂಗಣದ ಕೌಂಟರಿನಲ್ಲಿ.

ಹೊಸ ವಾದಕರನ್ನು ಆರಿಸುವ ದಿನ ವೇದಿಕೆಗೆ ಅಡ್ಡ ಪರದೆ ಬೀಳುತ್ತಿತ್ತು. ಆಚೆ ಹಿರಿಯ ವಾದಕರು ತೀರ್ಪುಗಾರರಾಗಿ ಕೂರುತ್ತಿದ್ದರು, ಈಚೆ ಅಭ್ಯರ್ಥಿ. ನುಡಿಸುವವರು ಯಾರೆಂದು ಗೊತ್ತಾಗಬಾರದು, ಗೊತ್ತಾದರೆ ಕಿವಿ ನೆಟ್ಟಗಿರುವುದಿಲ್ಲ. ಹೆಜ್ಜೆ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯದಿರಲೆಂದು ಬಾಗಿಲಿನಿಂದ ಕುರ್ಚಿಯವರೆಗೆ ಜಮಖಾನ ಹಾಸುತ್ತಿದ್ದರು. ಅಭ್ಯರ್ಥಿ ಬಾಯಿ ಬಿಡುವಂತಿರಲಿಲ್ಲ. ಏನು ಬೇಕಾದರೂ ಪಕ್ಕದಲ್ಲಿ ನಿಂತ ಭಾವನ ಕಿವಿಯಲ್ಲಿ ಹೇಳಬೇಕು, ಭಾವ ಆಚೆಗೆ ಕೇಳುವಂತೆ ಹೇಳುತ್ತಿದ್ದರು. ನೀರು ಕುಡೀತಾರಂತೆ, ಇನ್ನೊಂದ್ಸಲ ನುಡಿಸ್ತಾರಂತೆ. ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿಯಿರಲಿ, ತಲೆ ನರೆತ ಗಂಡಸಿರಲಿ, ಭಾವನ ಬಾಯಲ್ಲಿ ಎಲ್ಲರಿಗೂ ಬಹುವಚನ. ಗುಟ್ಟು ಬಯಲಾದರೆ ಆ ಸರದಿ ರದ್ದು, ಅದನ್ನು ಪರದೆಯ ಬಳಿ ನಿಂತವರೇ ಒಪ್ಪಿ ಹೇಳಬೇಕು ಎಂಬ ನಿಯಮ ತಂದವರೂ ಅವರೇ. ಅದರ ಬಗ್ಗೆ ಅವರಿಗಿದ್ದ ಹೆಮ್ಮೆ ಸ್ವಲ್ಪ ಅತಿಯೇ ಆಗಿತ್ತು ಎನ್ನಬೇಕು.

ಹೀಗಿರುವಾಗ ವಯೋಲಾದ ಒಂದು ಕುರ್ಚಿ ಖಾಲಿಯಾಯಿತು. ವಯೋಲಾ ಅಂದರೆ ಪಿಟೀಲಿನ ಅಕ್ಕ ಇದ್ದ ಹಾಗೆ, ಮೈಯೂ ದಪ್ಪ, ದನಿಯೂ ದಪ್ಪ. ಭಾವನ ಮಗಳು ಚಿಕ್ಕಂದಿನಿಂದ ನುಡಿಸಿದ್ದು ಅದನ್ನೇ, ಅವಳೂ ಅರ್ಜಿ ಹಾಕಿದಳು. ಇಂಥ ಕುರ್ಚಿ ಖಾಲಿಯಾಗಬೇಕಾದರೆ ಯಾರಾದರೂ ನಿವೃತ್ತರಾಗಬೇಕು. ಇದು ಕೈತಪ್ಪಿದರೆ ಅವಳು ಇನ್ನೆಷ್ಟು ವರ್ಷ ಹೋಟೆಲಿನಲ್ಲಿ ಊಟ ಮಾಡುವವರ ಬೆನ್ನ ಹಿಂದೆ ನುಡಿಸುತ್ತಿರಬೇಕೋ ಯಾರಿಗೂ ಗೊತ್ತಿರಲಿಲ್ಲ.

ಆಯ್ಕೆಯ ದಿನ ಬೆಳಿಗ್ಗೆ ನಾನು ಭಾವನಿಗೆ ಹೇಳಿದೆ, ಇದೊಂದು ದಿನ ಬೇರೆ ಯಾರಾದರೂ ನಿಲ್ಲಲಿ ಎಂದು. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಪರದೆಯ ಹಿಂದೆ ತನಗೆ ಮಗಳೂ ಇಲ್ಲ, ಬಾಮೈದನೂ ಇಲ್ಲ ಎಂದರು. ಬಾಮೈದ ತೆಪ್ಪಗೆ ವೇದಿಕೆಯ ಪಕ್ಕದ ಬಾಗಿಲು ಕಾಯಲು ಹೋದ.

ಮಗಳದು ಕೊನೆಯ ಸರದಿ. ಬಂದಳು, ಕೂತಳು, ಅಪ್ಪನ ಕಡೆ ನೋಡದೆ ಶುರು ಮಾಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಒಂದು ತಂತಿ ಸಡಿಲವಾಯಿತು. ನಿಲ್ಲಿಸಿ, ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಭಾವ ಎಂದಿನ ಹಾಗೆ ಗಂಟಲು ಸರಿಮಾಡಿಕೊಂಡರು.

"ತಂತಿ ಇಳಿದಿದೆಯಂತೆ. ಶ್ರುತಿ ಮಾಡ್ಕೋತಾಳಂತೆ."

ರಕಾರ ಇರಬೇಕಾದಲ್ಲಿ ಳಕಾರ ಬಂತು, ಅಷ್ಟೇ. ತಡವಾಗಿ ಬರ್ತಾಳಂತೆ, ಊಟ ಬೇಡ ಅಂತಾಳೆ ಎಂದು ಮನೆಯಲ್ಲಿ ಅಕ್ಕನಿಗೆ ಹೇಳಿ ಹೇಳಿ ರೂಢಿಯಾದ ನಾಲಿಗೆ. ಭಾವ ಆ ಕಟ್ಟಡದಲ್ಲಿ ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅವರ ಮಗಳು ವಯೋಲಾ ನುಡಿಸುತ್ತಾಳೆಂಬುದು ಅಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು. ಪರದೆಯಾಚೆ ಕುರ್ಚಿಗಳ ಕಿರುಗುಟ್ಟುವಿಕೆ ಒಮ್ಮೆಲೇ ನಿಂತುಹೋಯಿತು.

ಹುಡುಗಿ ಶ್ರುತಿ ಮಾಡಿಕೊಂಡು ಮುಗಿಸಿದಳು. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆನ್ನಾಗಿ ಅವಳು ನುಡಿಸಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಆಮೇಲೆ ಆಚೆಯಿಂದ ಕಂಡಕ್ಟರ್ ಪ್ರತಿ ಸರದಿಯ ಕೊನೆಗೆ ಕೇಳುವ ಪ್ರಶ್ನೆಯನ್ನೇ ಕೇಳಿದರು, ಪರದೆ ಹಿಂದೆ ಎಲ್ಲ ಸರಿಯಾಗಿ ನಡೀತಾ ಎಂದು. ಈಗ ಹೇಳುತ್ತಾರೆ ಎಂದುಕೊಂಡೆ. ಮಗಳೂ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಭಾವ ಜಮಖಾನ ನೋಡುತ್ತಾ, "ಸರಿಯಾಗೇ ನಡೀತು" ಎಂದರು.

ಆಚೆಯಿಂದ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಅದು ಭಾವನ ಮೇಲಿನ ಅಕ್ಕರೆಯೇ ಇರಬೇಕು. ಆ ಅಕ್ಕರೆ ಕಂಡು ನನಗೆ ಮೈಯೆಲ್ಲ ಹಿಡಿಯಾಯಿತು. ಹುಡುಗಿ ವಯೋಲಾವನ್ನು ಕುರ್ಚಿಯ ಮೇಲಿಟ್ಟು, ಜಮಖಾನ ಬಿಟ್ಟು ಬರಿ ಹಲಗೆಯ ಮೇಲೆ ಟಕಟಕ ನಡೆದು ಪರದೆಯ ಮುಂದೆ ಹೋಗಿ ನಿಂತಳು.

"ಸರಿಯಾಗಿ ನಡೀಲಿಲ್ಲ. ನಾನು ಇವರ ಮಗಳು. ನಿಮಗೆಲ್ಲ ಗೊತ್ತಾಗಿದೆ. ನನ್ನ ಸರದಿ ಬಿಟ್ಬಿಡಿ."

ಹಿರಿಯರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಕುರ್ಚಿ ಬೇರೆಯವರ ಪಾಲಾಯಿತು. ಭಾವ ಪರದೆ ಮಡಿಸುವ ನೆಪದಲ್ಲಿ ವೇದಿಕೆಯ ಮೇಲೇ ಉಳಿದರು. ಅವರ ಕಿವಿ ಕೆಂಪಗಾಗಿತ್ತು. ಮೂವರೂ ಒಂದೇ ಕಾರಿನಲ್ಲಿ ಮನೆಗೆ ಬಂದೆವು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಏನಾಯಿತು ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದಳು. ಭಾವನ ಬಾಯಿ ತೆರೆದದ್ದು ನಾನು ಕಂಡೆ. ಮಗಳು ಒಂದು ಕ್ಷಣ ಕಾದು, ತಾನೇ ಹೇಳಿದಳು.

"ನಾನೇ ಸರಿಯಾಗಿ ನುಡಿಸ್ಲಿಲ್ಲಮ್ಮ."

ಅಕ್ಕನಿಗೆ ಎಲ್ಲಿತ್ತೋ ಸಿಟ್ಟು. ಊಟದ ಮೇಜಿನವರೆಗೂ ಬೈದಳು. ಅಭ್ಯಾಸ ಮಾಡು ಮಾಡು ಎಂದು ಬಡಕೊಂಡರೂ ಕೇಳಲಿಲ್ಲ ಎಂದಳು, ಯಾವಾಗ ನೋಡಿದರೂ ಮೊಬೈಲು ಎಂದಳು. ಅಪ್ಪ ಇಷ್ಟು ವರ್ಷ ಗಳಿಸಿದ ಹೆಸರು ಉಳಿಸಲಾದರೂ ಒಂದಿಷ್ಟು ಚೆನ್ನಾಗಿ ನುಡಿಸಬಾರದಿತ್ತೇ ಎಂದು ಕೇಳಿದಳು. ಹುಡುಗಿ ತಲೆ ಬಗ್ಗಿಸಿ ತಪ್ಪಾಯಿತು ಎಂದಳು. ಭಾವ ಹೇಳಬೇಕಾದ ಮಾತನ್ನು ನಾನು ಹೇಳಿದರೆ ಅವರಿಗೆ ಇನ್ನೇನು ಉಳಿಯುತ್ತದೆ ಎಂದು ಸುಮ್ಮನಿದ್ದೆ.

ಭಾವ ಲೋಟದಲ್ಲಿದ್ದ ನೀರು ಪೂರ್ತಿ ಕುಡಿದು, ಲೋಟ ಕೆಳಗಿಟ್ಟರು.

"ಹೋಗ್ಲಿ ಬಿಡು," ಎಂದರು ಅಕ್ಕನಿಗೆ. "ಪಾಪ, ಎಷ್ಟು ಅಂತ ಬೈತೀಯ ಮಗೂನ."

ಹುಡುಗಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.