ತಾಂಡೇಲರು ಜಗತ್ತು ಗೆದ್ದದ್ದು

ದುಬೈಯಿಂದ ಭಟ್ಕಳಕ್ಕೆ ಬಂದಿದ್ದ ನಮ್ಮ ನೆರೆಯವರು ಟೀವಿಗೆ ಕಂಪ್ಯೂಟರ್ ಜೋಡಿಸಿ ಯುದ್ಧದ ಆಟ ಹಚ್ಚುತ್ತಿದ್ದರು. ಒಂದು ಪಾಳಿ ನಮ್ಮದು, ಒಂದು ಯಂತ್ರದ್ದು. ಆಡಲು ತಾಂಡೇಲರೇ ಆಗಬೇಕು. ಮೀನುದೋಣಿ ನಡೆಸುವ ಅವರು, ಜತೆಯ ದೋಣಿಗಳೆಲ್ಲ ದಡ ಸೇರದೆ ಮನೆಗೆ ಹೋದವರಲ್ಲ. ಟವೆಲಿಗೆ ಬೆರಳು ಒರೆಸಿಕೊಂಡೇ ಗುಂಡಿ ಒತ್ತುತ್ತಿದ್ದರು.

ಅಂದು ಶತ್ರುವಿಗೆ ಉಳಿದದ್ದು ಒಂದೇ ಕೋಟೆ, ಅದರ ಬಾಗಿಲಲ್ಲೇ ನಮ್ಮ ಸೈನ್ಯ. ತಾಂಡೇಲರು ಮಾತ್ರ ಪಾಳಿಯ ಮೇಲೆ ಪಾಳಿ ಕಳೆದು ದೂರದಲ್ಲಿದ್ದ ನಮ್ಮ ಹಡಗುಗಳನ್ನು ಬಂದರಿಗೆ ತರುತ್ತಿದ್ದರು. ಫ್ಯಾನು ನಿಧಾನವಾಯಿತು.

"ಕರೆಂಟ್ ಹೋದ್ರೆ ಗೆದ್ದದ್ದೆಲ್ಲ ಹೋಯ್ತು, ಕೋಟೆ ಹಿಡೀರಿ ಮಾರಾಯ್ರೆ!" ನೆರೆಯವರು ಕೂಗಿದರು.

"ಎಲ್ಲ ದಡಕ್ಕೆ ಬರ್ಲಿ, ಮತ್ತೆ ನೋಡುವ," ಎಂದರು ತಾಂಡೇಲರು, ಎಂದಿನಂತೆ.

ಕೊನೆಯ ಹಡಗು ಬಂತು. ಕೋಟೆ ಬಿತ್ತು. ಪರದೆಯಲ್ಲಿ ಗೆಲುವಿನ ಬಾವುಟ ಏರಿದಾಗ ನಾವು ಉಸಿರುಬಿಟ್ಟೆವು. ಅದರ ಬೆನ್ನಿಗೇ ಕರೆಂಟ್ ಹೋಯಿತು.

ತಾಂಡೇಲರು ಟವೆಲು ಕೊಡವಿ ಎದ್ದರು. "ಆತು. ಯಾರೂ ನೀರಲ್ಲಿ ಉಳೀಲಿಲ್ಲ."