ಮೂರು ಸೆಕೆಂಡಿನ ಗೋಲ್‌ಕೀಪರ್

ನಮ್ಮ ಮನೆಯಲ್ಲಿ ಅವ್ವ ಯಾವ ವಸ್ತುವನ್ನೂ ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದಳು. ಈರುಳ್ಳಿ, ಬೀಗದ ಕೈ, ಸುತ್ತಿಟ್ಟ ಕಾಲುಚೀಲ, ಒಮ್ಮೆ ಇಡೀ ಎಲೆಕೋಸು. ಎರಡೂ ಕೈಯಿಂದ ಹಿಡಿಯಬೇಕು, ಒಂದೇ ಕೈಯಿಂದ ತಿರುಗಿ ಎಸೆಯಬೇಕು, ಅದೂ ಅವಳು ಮೂರು ಎಣಿಸುವುದರೊಳಗೆ. ಇದು ಥ್ರೋಬಾಲಿನ ನಿಯಮ. ಅವ್ವ ಧಾರವಾಡದಲ್ಲಿ ತನ್ನ ಕಾಲೇಜಿನ ಥ್ರೋಬಾಲ್ ತಂಡದ ಕ್ಯಾಪ್ಟನ್ ಆಗಿದ್ದವಳು. ಕೊನೆಯ ವರ್ಷದ ಫೈನಲ್‌ನಲ್ಲಿ, ಎರಡೂ ಕಡೆ ಅಂಕ ಸಮವಾಗಿದ್ದಾಗ, ಎಲ್ಲಿಗೆ ಎಸೆಯಲಿ ಎಂದು ನೋಡುತ್ತ ಒಂದು ಸೆಕೆಂಡು ಹೆಚ್ಚಿಗೆ ಚೆಂಡು ಹಿಡಿದು ನಿಂತುಬಿಟ್ಟಳು. ರೆಫರಿ ಸೀಟಿ ಊದಿದ, ಪಂದ್ಯ ಕೈತಪ್ಪಿತು. ಆ ಸೀಟಿ ಅವಳ ಕಿವಿಯಿಂದ ಹೋಗಲೇ ಇಲ್ಲ. ಅದರ ಸಿಟ್ಟನ್ನೆಲ್ಲ ನನ್ನ ಕೈಗಳ ಮೇಲೆ ತೀರಿಸಿಕೊಂಡಳು. ನಡೆಯಲು ಕಲಿತ ಮೇಲೆ ನಾನು ಕಲಿತ ಎರಡನೆಯ ವಿದ್ಯೆ ಅದೇ.

ಅಪ್ಪನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕು ನಾವು ಲಂಡನ್ನಿನ ಕ್ರೋಯ್ಡನ್ನಿಗೆ ಬಂದಾಗ ನನಗೆ ಹದಿನಾರು. ನಾಲ್ಕನೆಯ ಮಹಡಿಯ ಫ್ಲಾಟಿನಲ್ಲೂ ಈರುಳ್ಳಿ ಹಾರಾಡಿತು. ಕೆಳಗಿನ ಮನೆಯ ಮುದುಕ ಸದ್ದಿನ ಬಗ್ಗೆ ದೂರಲು ಬಂದ. ಅವ್ವ ಅವನ ಕಡೆಗೂ ಒಂದು ಕಿತ್ತಳೆ ಎಸೆದಳು. ಆತ ಹಿಡಿದ, ನಕ್ಕ, ಮತ್ತೆ ಬರಲಿಲ್ಲ.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ನನ್ನ ಇಂಗ್ಲಿಷ್ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅವರದು ನನಗೆ. ಮೂರು ತಿಂಗಳು ಕ್ಯಾಂಟೀನಿನಲ್ಲಿ ಒಬ್ಬಳೇ ಕುಳಿತು ಡಬ್ಬಿ ತೆರೆದೆ. ಆಗ ಗೋಡೆಯ ಮೇಲೊಂದು ಚೀಟಿ ಕಂಡಿತು. ಹುಡುಗಿಯರ ಫುಟ್‌ಬಾಲ್ ತಂಡ ಹೊಸದಾಗಿ ಶುರುವಾಗಿದೆ, ಹತ್ತು ಜನ ಇದ್ದಾರೆ, ಗೋಲ್‌ಕೀಪರ್ ಬೇಕು. ಫುಟ್‌ಬಾಲಿನ ಗಂಧಗಾಳಿ ನನಗಿರಲಿಲ್ಲ. ಆದರೂ ಹೋದೆ. ರಸಾಯನಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದ, ಸದಾ ಕೆಂಪು ಮೂಗಿನ ಒಬ್ಬ ಹೆಂಗಸು ನಮ್ಮ ಕೋಚ್. ಆಕೆ ಮೂರು ಚೆಂಡು ಒದ್ದಳು, ನಾನು ಮೂರನ್ನೂ ಹಿಡಿದೆ.

"ಮೊದಲು ಆಡಿದ್ದೀಯಾ?" ಎಂದು ಕೇಳಿದಳು.

"ಎಲೆಕೋಸಿನಲ್ಲಿ," ಎಂದೆ. ಅವಳು ನಕ್ಕಳು. ಆ ಊರಿನಲ್ಲಿ ನನ್ನ ಮಾತಿಗೆ ಯಾರಾದರೂ ನಕ್ಕಿದ್ದು ಅದೇ ಮೊದಲು. ಮನೆಯವರೆಗೂ ಟ್ರ್ಯಾಮ್ ಹತ್ತದೆ ಓಡಿಕೊಂಡೇ ಹೋದೆ.

ಬುಧವಾರ ಮಧ್ಯಾಹ್ನ ಪಂದ್ಯ. ಮೊದಲನೆಯದರಲ್ಲೇ ಏಳು ಗೋಲು ತಿಂದೆವು. ಏಳರಲ್ಲಿ ನಾಲ್ಕು ನನ್ನ ದಾನ. ಚೆಂಡು ಹಿಡಿಯುವುದರಲ್ಲಿ ತಪ್ಪಿಲ್ಲ. ಆದರೆ ಹಿಡಿದ ಕೂಡಲೇ ತಲೆಯೊಳಗೆ ಅವ್ವ ಎಣಿಸಲು ತೊಡಗುತ್ತಿದ್ದಳು, ಮೂರು ಅನ್ನುವುದರೊಳಗೆ ಕೈ ತಾನಾಗಿ ಎಸೆದುಬಿಡುತ್ತಿತ್ತು. ಎದುರಿಗೆ ನಮ್ಮವಳಿದ್ದರೆ ನಮ್ಮವಳಿಗೆ, ಅವರವಳಿದ್ದರೆ ಅವರವಳಿಗೆ. ಮನೆಗೆ ಬಂದು ಮೈದಾನದ ಕೆಸರನ್ನು ಬೈದೆ.

"ಕುಣೀಲಾರದಾಕಿಗೆ ನೆಲಾ ಡೊಂಕಂತ," ಎಂದು ಅವ್ವ ಬೀಗದ ಕೈ ಎಸೆದಳು. "ಅಲ್ಲಾ, ದೇವರು ಎರಡು ಕೈ ಕೊಟ್ಟಾನ. ಅವನ್ನ ಬಿಟ್ಟು ಕಾಲಿಲೆ ಆಡೋದು ಎಂಥಾ ಆಟಲೇ ಅದು?" ನೋಡಲು ಬಾ ಎಂದರೆ ಬರುತ್ತಿರಲಿಲ್ಲ.

ಮೂರನೆಯ ಸೋಲಿನ ಮೇಲೆ ಕೋಚ್ ನನ್ನನ್ನು ಲ್ಯಾಬಿಗೆ ಕರೆದು, ಅಷ್ಟು ಅವಸರ ಯಾಕೆ ಎಂದು ಕೇಳಿದಳು. ತಂಡದಿಂದ ತೆಗೆಯುತ್ತಾಳೆ ಎಂದು ಹೆದರಿದೆ. ಮತ್ತೆ ಆ ಕ್ಯಾಂಟೀನಿನ ಮೂಲೆಯೇ ಗತಿ ಅಂದುಕೊಂಡೆ. ಗಾಜಿನ ನಳಿಗೆಗಳ ನಡುವೆ ನಿಂತು ಥ್ರೋಬಾಲ್, ಮೂರು ಸೆಕೆಂಡು, ಧಾರವಾಡದ ಸೀಟಿ ಎಲ್ಲವನ್ನೂ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕೇಳಿ, ಬಾಟಲಿಯೊಂದರ ಮುಚ್ಚಳ ತಿರುಗಿಸುತ್ತ, "ಹಾಗಾದರೆ ನಿನ್ನನ್ನು ಬದಲಾಯಿಸುವುದು ಬೇಡ, ಉಳಿದ ಹತ್ತು ಜನರನ್ನು ಬದಲಾಯಿಸೋಣ," ಎಂದಳು.

ನಮ್ಮಲ್ಲಿ ಒಬ್ಬಳು ಓಟಗಾರ್ತಿ ಇದ್ದಳು. ಘಾನಾ ಕಡೆಯ ಮನೆತನ, ಹೊರಟ ಟ್ರ್ಯಾಮನ್ನು ಮುಂದಿನ ಸ್ಟಾಪಿನಲ್ಲಿ ಓಡಿ ಹಿಡಿಯುವಂಥ ಕಾಲು. ನಾನು ಚೆಂಡು ಹಿಡಿದ ಕ್ಷಣವೇ ಅವಳು ಬಲಗಡೆಯ ಗೆರೆಯುದ್ದಕ್ಕೆ ಓಡಬೇಕು, ನಾನು ಕಣ್ಣು ಮುಚ್ಚಿಯಾದರೂ ಅಲ್ಲಿಗೇ ಎಸೆಯಬೇಕು. ಇಷ್ಟೇ ಯೋಜನೆ. ಅಯ್ಯೋ, ಆಮೇಲೆ ಏನಾಯಿತು ಅಂತೀರಿ! ಎದುರಾಳಿಗಳು ಇನ್ನೂ ನಮ್ಮ ಗೋಲಿನ ಮುಂದೆ ನಿಟ್ಟುಸಿರು ಬಿಡುತ್ತಿರುವಾಗ ಚೆಂಡು ಮೈದಾನದ ನಡುವನ್ನು ದಾಟಿರುತ್ತಿತ್ತು. ನಾಲ್ಕು ಗೆದ್ದೆವು. ಮತ್ತೆ ಮೂರು ಗೆದ್ದೆವು. ಹುಡುಗಿಯರು ನನ್ನನ್ನು 'ತ್ರೀ' ಎಂದು ಕರೆಯತೊಡಗಿದರು. ಕ್ಯಾಂಟೀನಿನಲ್ಲಿ ನನ್ನ ಡಬ್ಬಿಯ ಮೇಲೆ ಹತ್ತು ಫೋರ್ಕುಗಳು ಎರಗುತ್ತಿದ್ದವು, ಶೇಂಗಾ ಚಟ್ನಿಗೆ ಜಗಳವೇ ಆಗುತ್ತಿತ್ತು. ಬುಧವಾರ ಬಂತೆಂದರೆ ನನಗೆ ಬೆಳಿಗ್ಗೆಯಿಂದ ಅಂಗೈ ತುರಿಸುತ್ತಿತ್ತು. ಅಷ್ಟು ಸಂತೋಷವನ್ನು ಎಲ್ಲಿಡಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ಸ್ಟ್ರಾಟ್‌ಫರ್ಡ್ ಕಡೆಯ ಕಾಲೇಜಿನ ಎದುರು. ಲೀಗಿನ ಅಂಕಪಟ್ಟಿಯಲ್ಲಿ ಅವರು ನಮಗಿಂತ ಒಂದು ಅಂಕ ಮುಂದಿದ್ದರು. ಗೆದ್ದರೆ ಕಪ್ ನಮಗೆ, ಸಮವಾದರೂ ಅವರಿಗೆ. ಅಂದು ಬೆಳಿಗ್ಗೆ ಅವ್ವನಿಗೆ ಅಷ್ಟು ಮಾತ್ರ ಹೇಳಿ ಹೊರಟಿದ್ದೆ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಹಿಂದೆ ತಿರುಗಿ ನೋಡಿದರೆ, ಗೋಲಿನ ಬಲೆಯ ಆಚೆ ಅಪ್ಪನ ಓವರ್‌ಕೋಟು, ಅದರ ಕೆಳಗೆ ಇಳಕಲ್ ಸೀರೆ, ಮೇಲೆ ಕಿವಿಮುಚ್ಚುವ ಟೋಪಿ. ಬಂದೇಬಿಟ್ಟಿದ್ದಳು!

ಆದರೆ ಅವತ್ತೇ ಎಡವಟ್ಟಾಗಬೇಕೆ? ಅವರ ಸೆಂಟರ್ ಫಾರ್ವರ್ಡ್ ಎತ್ತರದ ಹುಡುಗಿ. ನಮ್ಮ ಹಿಂದಿನ ಪಂದ್ಯವನ್ನು ನೋಡಿಹೋಗಿದ್ದಳಂತೆ. ನಾನು ಚೆಂಡು ಹಿಡಿದರೆ ಸಾಕು, ಬಲಗಡೆಯ ದಾರಿಗೆ ಅಡ್ಡವಾಗಿ ನಿಲ್ಲುತ್ತಿದ್ದಳು. ಎಸೆದದ್ದೆಲ್ಲ ಅವಳ ಎದೆಗೇ. ಹಾಗೇ ಒಂದು ಗೋಲೂ ಹೊಡೆದಳು. ನಮ್ಮವರು ಹೇಗೋ ತಿರುಗಿ ಒಂದು ಹೊಡೆದರು. ಅರ್ಧ ಆಟಕ್ಕೆ ಒಂದಕ್ಕೊಂದು ಸಮ.

ಕೋಚ್ ಓಡಿಬಂದಳು. "ನೀನು ಆರು ಸೆಕೆಂಡು ಹಿಡಿದಿಟ್ಟುಕೊಳ್ಳಬಹುದು. ಐದು ಎಣಿಸು. ಅವಳು ಬೇಸತ್ತು ಸರಿಯುತ್ತಾಳೆ, ಆಗ ಎಸೆ."

ಅವ್ವ ಬಲೆಗೆ ಮುಖ ಒತ್ತಿ ಕೇಳಿದಳು, "ಏನಂದ್ಲು ಆಕಿ?"

"ಹಿಡಕೊಂಡು ನಿಂದರು ಅಂತಾಳವ್ವಾ. ಇಲ್ಲೆ ಆರು ಸೆಕೆಂಡ್ ತನಕಾ ನಡೀತೈತಂತ."

"ಆರಾ? ಆರು ಸೆಕೆಂಡಿನಾಗ ಒಂದು ರೊಟ್ಟಿ ಬಡದು ಹಂಚಿಗೆ ಹಾಕಬಹುದು! ಸುಳ್ಳ ಹೇಳಬ್ಯಾಡ." ಅವಳ ಮುಖ ಸಣ್ಣಗಾಗಿತ್ತು. ತಂಡಗಳು ಬದಿ ಬದಲಿಸಿದಾಗ ಅವಳೂ ಮೈದಾನ ಬಳಸಿ ಬಂದು ನನ್ನ ಹೊಸ ಬಲೆಯ ಹಿಂದೆ ನಿಂತಳು.

ಹುಟ್ಟುಗುಣ ಸುಟ್ಟರೂ ಹೋಗದು. ಎರಡನೆಯ ಅರ್ಧದಲ್ಲಿ ಎರಡು ಸಲ ಐದು ಎಣಿಸುತ್ತೇನೆಂದು ಹಲ್ಲು ಕಚ್ಚಿದೆ, ಎರಡು ಸಲವೂ ಮೂರಕ್ಕೆ ಕೈ ಜಾರಿತು. ಒಮ್ಮೆ ಆ ಎತ್ತರದವಳ ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಪುಣ್ಯ ಆ ಕಂಬದ್ದು. ನನ್ನ ಕೈಗಳ ಮೇಲೆ ನನಗೇ ಅಳು ಬರುವಷ್ಟು ಸಿಟ್ಟು ಬಂತು. ಈ ಹುಡುಗಿಯರು ನನಗೆ ಒಂದು ಊರನ್ನೇ ಕೊಟ್ಟಿದ್ದರು, ನಾನು ಅವರ ಕಪ್ಪನ್ನು ಎತ್ತಿ ಎತ್ತಿ ಬೇರೆಯವರಿಗೆ ಕೊಡುತ್ತಿದ್ದೆ.

ಕೊನೆಯ ನಿಮಿಷ. ಅವರಿಗೆ ಕಾರ್ನರ್. ಚೆಂಡು ತಲೆಗಳ ಮೇಲೆ ತೇಲಿ ಬಂತು, ಹಾರಿದೆ, ಎರಡೂ ಕೈಗೆ ಸಿಕ್ಕಿತು. ಓಟಗಾರ್ತಿ ಗೆರೆಯುದ್ದಕ್ಕೆ ಓಡಿ ನಡುಗೆರೆಯ ಹತ್ತಿರ ನಿಂತಳು. ಎತ್ತರದವಳು ದಾರಿಗೆ ಅಡ್ಡ ಬಂದಳು. ತಲೆಯೊಳಗೆ ಒಂದು, ಎರಡು. ಕೈ ಮೇಲೆದ್ದಿತು.

"ತಡೀ!"

ತಲೆಯೊಳಗಿನ ದನಿಯಲ್ಲ, ಬಲೆಯ ಹಿಂದಿನದು. ಕೈ ನಿಂತಿತು.

"ಮೂರು," ಎಂದಳು ಅವ್ವ. ಆಮೇಲೆ, ಅವಳ ಬಾಯಿಂದ ನಾನು ಎಂದೂ ಕೇಳಿರದ ಅಂಕಿ, "ನಾಕು." ಎತ್ತರದವಳು ಗೊಂದಲಗೊಂಡು ನನ್ನನ್ನು ನೋಡಿದಳು, ಬೆನ್ನು ತಿರುಗಿಸಿ ಹಿಂದೆ ಸರಿಯತೊಡಗಿದಳು. ದಾರಿ ತೆರೆಯಿತು.

"ಐದು. ಒಗಿ!"

ಜೀವಮಾನದಲ್ಲಿ ಅಷ್ಟು ದೂರ ನಾನು ಏನನ್ನೂ ಎಸೆದಿಲ್ಲ. ಚೆಂಡು ಎತ್ತರದವಳ ತಲೆಯ ಮೇಲಿಂದ ಹೋಗಿ ನಮ್ಮ ಓಟಗಾರ್ತಿಯ ಮುಂದೆ ಪುಟಿಯಿತು. ಅವಳು ಓಡಿದಳು, ಓಡಿದಳು, ಅವರ ಕೀಪರ್ ಮುಂದೆ ಬಂದಳು, ಇವಳು ಪಕ್ಕಕ್ಕೆ ಸರಿಸಿ ಒದ್ದಳು. ಗೋಲು! ಹುಡುಗಿಯರೆಲ್ಲ 'ತ್ರೀ, ತ್ರೀ' ಎಂದು ಕಿರುಚುತ್ತ ಮೈಮೇಲೆ ಬಿದ್ದರು. ಕೆಸರು ಬಾಯಿಗೆ ಹೋಯಿತು, ನಾನು ನಗುತ್ತಲೇ ಇದ್ದೆ.

ಮತ್ತೆ ಚೆಂಡು ನಡುವಿಗೆ ಹೋಗಿ ಎರಡು ಒದೆತ ಆಗಿರಬೇಕು, ರೆಫರಿ ಉದ್ದಕ್ಕೆ ಸೀಟಿ ಊದಿದ. ಅವ್ವ ಬೆಚ್ಚಿಬಿದ್ದು ಬಲೆಯನ್ನು ಬಳಸಿಕೊಂಡು ಮೈದಾನದೊಳಕ್ಕೇ ಓಡಿಬಂದಳು. ಮುಖ ಬಿಳಿಚಿತ್ತು.

"ಯಾಕ ಊದಿದಾ? ನಾ ಹೆಚ್ಚಿಗೆ ಎಣಿಸಿದ್ನೇನು?"

"ಇಲ್ಲವ್ವಾ. ಆಟ ಮುಗೀತು. ಗೆದ್ವಿ."

ಅವಳು ರೆಫರಿಯನ್ನು ನೋಡಿದಳು, ಕುಣಿಯುತ್ತಿದ್ದ ಹುಡುಗಿಯರನ್ನು ನೋಡಿದಳು. ಆಮೇಲೆ ನನ್ನ ಕೆಸರು ಗ್ಲೌಸುಗಳನ್ನು ಒಂದೊಂದಾಗಿ ಎಳೆದು ತೆಗೆದು, ನನ್ನ ಎರಡೂ ಕೈಗಳನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡಳು. ಮೂರು ಎಣಿಕೆ ಕಳೆಯಿತು, ಆರೂ ಕಳೆಯಿತು, ಅವಳು ಬಿಡಲಿಲ್ಲ.