‘ಬರ್ದು ಕೊಡಿ’ ಎಂದಳು ಸೆಲ್ವಿ

ನನಗೆ ಖರ್ಚಾದದ್ದು ಒಂದು ಸಂತೆ ದಿನದ ಪೂರ್ತಿ ವ್ಯಾಪಾರ. ಕೊಟ್ಟಿಗೆಹಾರದಲ್ಲಿ ನನ್ನ ಅಂಗಡಿ ಪಕ್ಕದ ಮಳಿಗೆಯಲ್ಲಿ ಹೊಲಿಗೆ ಅಂಗಡಿ ಇಡಲು ಹೊರಟಿದ್ದ ಸೆಲ್ವಿಯ ಜೊತೆ, ಸಾಲದ ಅರ್ಜಿಗೆ ಸಾಕ್ಷಿಯಾಗಿ ಮೂಡಿಗೆರೆಯ ಬ್ಯಾಂಕೊಂದಕ್ಕೆ ಹೋಗಿದ್ದೆ. ಅವಳ ಅಜ್ಜ ಸಿಲೋನಿನ ಟೀ ತೋಟದಿಂದ ಬಂದು ಇಲ್ಲಿನ ಪೌರತ್ವ ಪಡೆದವರು. ಆ ಪೌರತ್ವ ಪತ್ರಕ್ಕೆ ಮಳೆಗಾಲದ ಬೂಷ್ಟು ಹಿಡಿಯದಿರಲೆಂದು ಮನೆಯವರು ಲ್ಯಾಮಿನೇಶನ್ ಮಾಡಿಸಿಬಿಟ್ಟಿದ್ದರು.

ಅಧಿಕಾರಿ ಅದನ್ನು ಪಕ್ಕಕ್ಕೆ ತಳ್ಳಿದರು. “ಲ್ಯಾಮಿನೇಶನ್ ಮಾಡಿದ್ದು ನಡೆಯಲ್ಲಮ್ಮ. ಅಲ್ದೆ ನೀವು ನಿರಾಶ್ರಿತರು.”

ನಾನು ಹಲ್ಲು ಗಿಂಜುತ್ತ ಚೌಕಾಸಿಗೆ ಇಳಿಯುವಷ್ಟರಲ್ಲಿ ಸೆಲ್ವಿ ತಡೆದಳು. “ನೀವು ಸುಮ್ನಿರಿ ಅಣ್ಣ. ಸರ್, ಬಂದೋರು ನಮ್ಮಜ್ಜ. ನಾನು ಹುಟ್ಟಿದ್ದು ಇದೇ ಮೂಡಿಗೆರೆ ಆಸ್ಪತ್ರೇಲಿ, ಓಟು ಹಾಕಿದ್ದು ಗೋಣಿಬೀಡಲ್ಲಿ. ನಿರಾಶ್ರಿತಳು, ಅದಕ್ಕೆ ಸಾಲ ಇಲ್ಲ ಅಂತ ಬರ್ದು ಸಹಿ ಹಾಕಿ ಕೊಡಿ. ಹೋಗ್ತೀನಿ.”

ಹಾಗೆ ಬರೆದುಕೊಡಲು ಅಧಿಕಾರಿಯ ಪೆನ್ನು ಮೇಲೇಳಲಿಲ್ಲ. ಕೊನೆಗೆ ಅರ್ಜಿಯ ಮೇಲೆ ಸ್ವೀಕೃತಿಯ ಮುದ್ರೆ ಬಿತ್ತು, ತಿಂಗಳೊಳಗೆ ಸಾಲವೂ ಬಂತು. ಈಗ ಸುತ್ತಲಿನ ಎಸ್ಟೇಟ್ ಹೆಂಗಸರ ರವಿಕೆಗಳೆಲ್ಲ ಅವಳ ಮಿಷನ್ನಿನ ಮೇಲೆ.

ನಿಮಗೂ ಹೇಳುತ್ತೇನೆ. ಮೂಲ ಪತ್ರಕ್ಕೆ ಲ್ಯಾಮಿನೇಶನ್ ಬೇಡ, ದೃಢೀಕರಿಸಿದ ಪ್ರತಿ ಮಾಡಿಸಿಡಿ. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ, ಅದನ್ನು ಬರೆದು ಕೊಡುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.